ದಸರೆ ಮುಗಿದ ಮೇಲೆ ಹತ್ತದ ನೀಲಿ ದೀಪ

ಆ ವೈರ್‌ಲೆಸ್ ಅಡಾಪ್ಟರಿಗೆ ನೀರು ತಾಗಿರಲಿಲ್ಲ. ಅದು ಕೆಟ್ಟೂ ಇರಲಿಲ್ಲ. ಅದರ ಕೆಲಸ ನಿಲ್ಲಿಸಿದವನು ನಾನು, ಗೊತ್ತಿದ್ದೂ ಬಾಯಿ ಮುಚ್ಚಿಕೊಂಡವನೂ ನಾನು — ತಪ್ಪು ಮಾತ್ರ ಗಿರಿಜಾ ಅವರ ತಲೆಯ ಮೇಲೆ ಬಿತ್ತು. ಬೀಳಲಿ ಎಂದು ನಾನೇ ಬಿಟ್ಟೆ.

ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ಆಗ ನಾನು ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ನೋಡಿಕೊಳ್ಳುವುದು ಎಂದರೆ ಹೆಚ್ಚಾಗಿ ಚಿಂತೆ ಮಾಡುವುದು. ಕರೆಂಟು ಹೋದರೆ, ಇಲಿ ತಂತಿ ಕಡಿದರೆ, ಮಾಲಕರು ಕರೆದರೆ — ಕರೆಯದಿದ್ದರೆ ಇನ್ನೂ ಚಿಂತೆ. ಗಿರಿಜಾ ಬ್ಯಾಡಗಿಯಿಂದ ದಿನಾ ಬಸ್ಸಿಗೆ ಬರುತ್ತಿದ್ದರು. ಅಂಗಳದಾಚೆಯ ಮೊಳಕೆ ಕೋಣೆಯಲ್ಲಿ ಒದ್ದೆ ಕಾಗದದ ಮೇಲೆ ಬೀಜ ಹರಡಿ, ಎಷ್ಟು ಮೊಳೆತವು ಎಂದು ಎಣಿಸಿ ಬರೆಯುವುದು ಅವರ ಕೆಲಸ.

ಎರಡು ಸಾವಿರದ ಎಂಟರ ಸುಮಾರು. ವಿಂಡೋಸಿನ ನಕಲಿ ಸಿ.ಡಿ. ಹಾಕಿಕೊಂಡವರನ್ನು ಹಿಡಿಯುತ್ತಾರಂತೆ ಎಂಬ ಸುದ್ದಿ ಕೇಳಿ ಮಾಲಕರು ಎಲ್ಲ ಯಂತ್ರಗಳಿಗೂ ಬಿಟ್ಟಿ ಸಿಗುವ ಲಿನಕ್ಸ್ ಹಾಕಿಸಿದ್ದರು. ಅಂಗಳದಲ್ಲಿ ಲಾರಿ ಓಡಾಡಿ ಮೊಳಕೆ ಕೋಣೆಗೆ ಹೋಗುವ ತಂತಿ ಪದೇ ಪದೇ ಹರಿಯುತ್ತಿತ್ತು. ಹೀಗಾಗಿ ಹಾವೇರಿಯಿಂದ, ತಂತಿಯಿಲ್ಲದೆ ಯಂತ್ರಕ್ಕೆ ನೆಟ್‌ವರ್ಕ್ ಕೊಡುವ, ಹೆಬ್ಬೆರಳಿನಷ್ಟು ದೊಡ್ಡ ಯುಎಸ್‌ಬಿ ಅಡಾಪ್ಟರ್ ತಂದೆ. ಡಬ್ಬಿಯ ಮೇಲೆ ಲಿನಕ್ಸಿನ ಹೆಸರೇ ಇಲ್ಲ. ಎರಡು ದಿನ ಗುದ್ದಾಡಿ, ಇದು ಲಿನಕ್ಸಿಗೆ ಆಗುವುದಿಲ್ಲ ಎಂದು ಮಾಲಕರಿಗೆ ಹೇಳಿ ಕೈತೊಳೆದುಕೊಂಡೆ.

“ಸರ, ನಾ ಒಂದ್ ಸಲ ನೋಡ್ಲೇನ್ರಿ?” ಎಂದರು ಗಿರಿಜಾ.

“ನೋಡ್ರಿ. ಬೀಜ ಎಣಿಸಿದಂಗಲ್ಲ ಇದು.”

“ಬೀಜನೂ ಎಲ್ಲಾ ಹುಟ್ಟೂದಿಲ್ಲ ಬಿಡ್ರಿ. ಅದಕ್ಕ ಎಣಸೂದು.”

ಬ್ಯಾಡಗಿಯ ಇಂಟರ್ನೆಟ್ ಅಂಗಡಿಯಲ್ಲಿ ಕೂತು ಯಾರ್ಯಾರೋ ಬರೆದ ಪ್ರಶ್ನೋತ್ತರಗಳನ್ನು ಅಚ್ಚು ಹಾಕಿಸಿ ತರುತ್ತಿದ್ದರು. ಊಟದ ಹೊತ್ತಿನಲ್ಲಿ ಒಂದು ಕೈಯಲ್ಲಿ ರೊಟ್ಟಿ, ಇನ್ನೊಂದು ಕೈಯಲ್ಲಿ ಕಾಗದ. ಒಂದೇ ಹೆಸರಿನ ಡಬ್ಬಿಯಲ್ಲಿ ಬೇರೆ ಬೇರೆ ಚಿಪ್ ಹಾಕಿ ಮಾರುತ್ತಾರೆ, ಡಬ್ಬಿಯನ್ನು ನಂಬದೆ ಅಡಾಪ್ಟರಿನ ಒಳಗಿನ ಸಂಖ್ಯೆಯನ್ನೇ ಓದಬೇಕು ಎಂಬುದನ್ನು ಅವರೇ ಕಂಡುಹಿಡಿದರು. ಆ ಸಂಖ್ಯೆ ಹಿಡಿದು, ವಿಂಡೋಸಿಗೆಂದು ಕೊಟ್ಟಿದ್ದ ಡ್ರೈವರನ್ನೇ, ಎಂದರೆ ಅಡಾಪ್ಟರನ್ನು ನಡೆಸುವ ತಂತ್ರಾಂಶವನ್ನೇ, ಲಿನಕ್ಸಿನೊಳಗೆ ಕೂರಿಸುವ ದಾರಿ ಹುಡುಕಿದರು. ಮೂರನೆಯ ವಾರದಲ್ಲಿ ಅಡಾಪ್ಟರಿನ ನೀಲಿ ದೀಪ ಹತ್ತಿತು. ಎಲ್ಲರೂ ನೋಡಲು ಬಂದರು. ನಾನೂ ನಕ್ಕೆ.

ಮಾಲಕರು ನನ್ನ ಎದುರಿಗೇ ಹೇಳಿದರು: “ಇವ್ರು ಆಗೂದಿಲ್ಲ ಅಂದದ್ದ ನೀವು ಮಾಡಿಟ್ರಿ. ದಸರಾ ಮುಗೀಲಿ, ಬೀಜ ಎಣಸೂದು ಬಿಟ್ಟು ಮುಂದಿನ ಆಫೀಸಿಗೆ ಬರ್ರಿ. ಇವರ ಬಾಜೂಕ ಕುಂದ್ರಿ.”

ಬಾಜೂಕ. ಪಕ್ಕದಲ್ಲಿ ಎಂದರೂ ನನ್ನ ತಲೆಯಲ್ಲಿ ಅದು ‘ಬದಲಿಗೆ’ ಎಂದೇ ಕೂತಿತು.

ಹಬ್ಬಕ್ಕೆ ನಾಲ್ಕು ದಿನ ಮೊದಲು ಮೊಳಕೆ ಕೋಣೆಯ ಯಂತ್ರದಲ್ಲಿ, ಲಿನಕ್ಸಿನ ಹೊಸ ಆವೃತ್ತಿ ಬಂದಿದೆ, ಹಾಕಲೇ ಎಂಬ ಸೂಚನೆ ಕಂಡಿತು. ಹೂಂ ಎಂದು ಒತ್ತಿದೆ. ಹಾಕದಿದ್ದರೆ ಏನಾದರೂ ಆದೀತು ಎಂಬ ನನ್ನ ಮಾಮೂಲಿ ಅಂಜಿಕೆ — ಇಲ್ಲಿಯವರೆಗೆ ನನ್ನಲ್ಲಿ ದುರುದ್ದೇಶವಿರಲಿಲ್ಲ. ಅವರೇ ಜೋಡಿಸಿದ ವೈರ್‌ಲೆಸ್ ಮೂಲಕವೇ ಹೊಸ ಕರ್ನೆಲ್, ಎಂದರೆ ಲಿನಕ್ಸಿನ ತಿರುಳು, ಇಳಿದು ಬಂದು ಕೂತಿತು. ಅವರು ಕೂರಿಸಿದ ಡ್ರೈವರ್ ಹಳೆಯ ಕರ್ನೆಲಿಗೆ ಮಾತ್ರ ಹೊಂದುವಂಥದ್ದು. ಆದರೆ ಯಂತ್ರವನ್ನು ಆರಿಸಿ ಹಚ್ಚುವವರೆಗೆ ಹೊಸದು ಜಾರಿಗೆ ಬರುವುದಿಲ್ಲ. ಮೊಳಕೆ ಕೋಣೆಯ ಉಷ್ಣತೆ ಬರೆದಿಡುತ್ತಿದ್ದ, ಕರೆಂಟು ಹೋದರೂ ಬ್ಯಾಟರಿಯಲ್ಲಿ ಓಡುತ್ತಿದ್ದ ಆ ಯಂತ್ರವನ್ನು ನಾವು ಆರಿಸುತ್ತಲೇ ಇರಲಿಲ್ಲ — ವರ್ಷಕ್ಕೊಮ್ಮೆ, ಖಂಡೇಪೂಜೆಯ, ಎಂದರೆ ಆಯುಧಪೂಜೆಯ, ದಿನ ಬಿಟ್ಟು.

ನವಮಿಯಂದು ಗಿರಿಜಾ ಅದನ್ನು ಆರಿಸಿ, ಒರೆಸಿ, ವಿಭೂತಿ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿದರು. ಹೂವು ಬಾಡದಿರಲಿ ಎಂದು ಅದರ ಮೇಲೆ ಎರಡು ಹನಿ ನೀರು ಚಿಮುಕಿಸಿದ್ದನ್ನು ನಾನು ನೋಡಿದ್ದೆ.

ದಶಮಿಯ ರಜೆ ಮುಗಿಸಿ ಬಂದು ಹಚ್ಚಿದರೆ ನೀಲಿ ದೀಪವಿಲ್ಲ. ಗಿರಿಜಾ ಮಧ್ಯಾಹ್ನದವರೆಗೆ ಒದ್ದಾಡಿದರು. ಅವರು ಊಟಕ್ಕೆ ಎದ್ದಾಗ ನಾನು ಅಲ್ಲಿ ಕೂತೆ. ಯಂತ್ರ ಶುರುವಾಗುವಾಗ ಒಂದು ಗುಂಡಿ ಒತ್ತಿದರೆ ಹೊಸ ಕರ್ನೆಲ್, ಹಳೆಯ ಕರ್ನೆಲ್ ಎರಡೂ ಸಾಲಾಗಿ ಕಾಣುತ್ತವೆ. ಹಳೆಯದನ್ನು ಆಯ್ದುಕೊಂಡೆ. ದೀಪ ಹತ್ತಿತು.

ಅದನ್ನು ನೋಡುತ್ತ ಒಂದು ನಿಮಿಷ ಕೂತಿದ್ದೆ. ಬಾಗಿಲಿಗೆ ಹೋಗಿ “ಗಿರಿಜಾ, ಬರ್ರಿ ಇಲ್ಲೆ” ಎಂದಿದ್ದರೆ ಸಾಕಿತ್ತು. ನಾನು ಯಂತ್ರ ಆರಿಸಿ, ಮತ್ತೆ ಹೊಸದರಲ್ಲೇ ಹಚ್ಚಿ ಎದ್ದುಬಂದೆ.

ಸಂಜೆ ಮಾಲಕರು ಕೇಳಿದಾಗ ಬಾಯಿಂದ ಬಂದದ್ದು ಇದು: “ಪೂಜಿ ದಿನ ಅವರ ಬಂದ್ ಮಾಡಿದ್ರು. ಹೂವಿಗೆ ನೀರು ಹೊಡದಿದ್ರು. ಒಳಗ ಇಳದಿರಬೇಕ್ರಿ.”

ಗಿರಿಜಾ ಒಪ್ಪಿಕೊಂಡರು. “ಖರೇ ಐತ್ರಿ. ನಾನ ಹೊಡದಿದ್ದೆ.” ಹಿಂದೆಯೇ, “ಎರಡ ದಿನ ಕೊಡ್ರಿ, ಮತ್ತ ಮೊದಲಿಂದ ನೋಡತೇನಿ” ಎಂದರು.

ಮಾಲಕರು ನನ್ನ ಕಡೆ ನೋಡಿದರು. ನಾನು ತಲೆ ಅಲ್ಲಾಡಿಸಿದೆ — ಉಪಯೋಗವಿಲ್ಲ ಎಂಬಂತೆ.

“ಬ್ಯಾಡ. ಕೈ ಹಚ್ಚಬ್ಯಾಡ್ರಿ ಇನ್ನ” ಎಂದರು ಮಾಲಕರು. ಕೆಲಸದಿಂದಲೇ ತೆಗೆಯುವ ಮಾತೂ ಬಂತು. ಆಗ ನಾನು ದೊಡ್ಡ ಮನುಷ್ಯನಾದೆ: “ಇರಲಿ ಬಿಡ್ರಿ ಸಾಹೇಬ್ರ, ಬೀಜದ ಕೆಲಸ ಛಲೋ ಮಾಡತಾರ.” ಅವರು ಬೀಜಕ್ಕೆ ಮರಳಿದರು. ನನ್ನ ಪಕ್ಕದ ಕುರ್ಚಿ ಬರಲೇ ಇಲ್ಲ. ಮುಂದಿನ ಮಳೆಗಾಲಕ್ಕೆ ಮೊದಲೇ ಅವರು ಕೆಲಸ ಬಿಟ್ಟರು.

ಹೋದ ವರ್ಷ ಹಾವೇರಿ ಬಸ್ ನಿಲ್ದಾಣದಲ್ಲಿ ಸಿಕ್ಕಿದ್ದರು. ಜೊತೆಗಿದ್ದ ಮಗಳು ತನ್ನ ಮೊಬೈಲಿನಲ್ಲಿ ಏನೋ ಆಗುತ್ತಿಲ್ಲವೆಂದು ಅವರ ಕೈಗೆ ಕೊಡಹೋದಳು. ಗಿರಿಜಾ ಕೈ ಹಿಂದೆಳೆದುಕೊಂಡರು. “ನನಗ್ಯಾಕ ಕೊಡತೀಯವ್ವಾ, ನೀರು ಹಾಕಿ ಮಿಷಿನ್ ಕೆಡಿಸಿದಾಕಿ ನಾನು. ಕೇಳ ಬೇಕಾರ ಸರ್‌ನ.” ನಗುತ್ತಲೇ ಹೇಳಿದರು. ನಾನೂ ನಕ್ಕೆ. ಬಸ್ಸು ಬಂದಾಗ ನನ್ನ ಕಡೆ ತಿರುಗಿದರು: “ಅವತ್ತ ನೀವು ನನ್ನ ಪರ ಮಾತಾಡಿದ್ರಿ ಸರ. ಮರತಿಲ್ಲ ನಾ.”

ಆ ಮಾತಿಗೆ ನಾನು ಕೈ ಮುಗಿದೆ. ನನಗೆ ಸಲ್ಲದ ಆ ಕೃತಜ್ಞತೆಯನ್ನೂ ಇಟ್ಟುಕೊಂಡೆ.

ಗಿರಿಜಾ ಅವರೇ, ಕ್ಷಮೆ ಕೇಳಲು ಇದನ್ನು ಬರೆಯುತ್ತಿಲ್ಲ. ಕೇಳುವ ಮುಖ ನನಗಿಲ್ಲ, ಕೊಡುವ ಹಂಗು ನಿಮಗಿಲ್ಲ. ಈ ಹಾಳೆಗಳನ್ನು ಭಾನುವಾರ ಬ್ಯಾಡಗಿಗೆ ತಂದು, ನಿಮ್ಮ ಮಗಳ ಎದುರಿಗೇ ಓದುತ್ತೇನೆ. ಅವಳಿಗೆ ಗೊತ್ತಾಗಬೇಕಾದದ್ದು ಇಷ್ಟೇ — ಅವಳ ತಾಯಿ ಮಾಡಿದ ಕೆಲಸದಲ್ಲಿ ಒಂದೇ ಒಂದು ತಪ್ಪೂ ಇರಲಿಲ್ಲ.