ಹೊತ್ತು ಮುಳುಗಿದ ಮೇಲಿನ ಬಿಸ್ಕೀಟು

ಇದರಲ್ಲಿ ಯಾರ ಹೆಸರನ್ನೂ ಬರೆಯುವುದಿಲ್ಲ. ರಾಯಬಾಗ ತಾಲೂಕಿನಲ್ಲಿ ಕೃಷ್ಣೆಯ ಕಡೆಗೆ, ಕಬ್ಬಿನ ನಡುವೆ ಇರುವ ಒಂದು ಊರು ಅಂದರೆ ಸಾಕು. ಇಂಥ ಪ್ರಕರಣದಲ್ಲಿ ಹುಡುಗಿಯ ಗುರುತು ಹೇಳುವ ಹಾಗಿಲ್ಲ, ಅದು ಕಾನೂನು. ಮಗಳನ್ನು ಕೇಳಿಯೇ ಬರೆಯಲು ಕೂತಿದ್ದೇನೆ. “ಬರಿ, ಆದ್ರ ಕಾಕುನ್ನ ಭಾಳ ಬೈಬ್ಯಾಡ” ಅಂದಳು. ನೋಡಿ, ಇಲ್ಲೂ ಮೊದಲು ಕಾಕುನೇ!

ಕಾಕು ಅಂದರೆ ನನ್ನ ನೆಗೆಣ್ಣಿ, ಒಂದೇ ಮನೆಯಲ್ಲಿರುವ ಮೈದುನನ ಹೆಂಡತಿ. ಮಿರಜ ಕಡೆಯವಳು. ಮರಾಠಿ ಶಾಲೆಯಲ್ಲಿ ಕಲಿತವಳು, ಕನ್ನಡ ಮಾತಾಡುತ್ತಾಳೆ, ಓದಲು ಬಾರದು. ನಾನು ಅಥಣಿ ಕಡೆಯವಳು. ನನಗೆ ಮರಾಠಿ ತಿಳಿಯುತ್ತದೆ, ಆದರೆ ಬಿರಬಿರನೆ ಮಾತಾಡಿದರೆ ಅರ್ಧ ಜಾರಿಹೋಗುತ್ತದೆ. ಆಕೆ ಮತ್ತು ನನ್ನ ಮಗಳು ಬಿರಬಿರನೆಯೇ ಮಾತಾಡುತ್ತಿದ್ದರು. ಅಂಗಳದಲ್ಲಿ ಜಡೆ ಹಾಕುತ್ತ “ಕಾಯ ಗ ಪೋರಿ”, ಏನೇ ಹುಡುಗಿ, ಅಂತ ಆಕೆ ಶುರು ಮಾಡಿದರೆ ಇವಳು ಹಲ್ಲು ಕಿಸಿಯುತ್ತಿದ್ದಳು. ನಾನು ಹತ್ತಿರ ಹೋದರೆ ಇಬ್ಬರೂ ಗಪ್ಪು. ಆಕೆಗೂ ಒಬ್ಬ ಮಗನಿದ್ದಾನೆ, ಅವನನ್ನು ನೋಡಿಕೊಂಡಿದ್ದರೆ ಸಾಲದೇ? ನನಗೆ ಹೊಟ್ಟೆಕಿಚ್ಚು, ಹೌದು. ಮುಚ್ಚಿಟ್ಟು ಏನು ಮಾಡಲಿ.

ನಾವು ಜೈನರು. ಹೊತ್ತು ಮುಳುಗಿದ ಮೇಲೆ ನಮ್ಮ ಮನೆಯಲ್ಲಿ ಯಾರೂ ಒಂದು ಅಗುಳು ಬಾಯಿಗೆ ಹಾಕುವುದಿಲ್ಲ. ಈ ವಿಷಯದಲ್ಲಿ ನಾನು ಅತ್ತೆಗಿಂತ ಬಿಗಿ. ಶಾಲೆಯಿಂದ ತಡವಾಗಿ ಬಂದ ದಿನ ಮಗಳು “ಅವ್ವಾ, ಹಸಿವಾಗೇತಿ” ಅಂದರೆ, “ಯಾಕ ತಡಾ ಆತು? ಯಾರ ಕೂಡ ಮಾತಾಡ್ಕೋತ ನಿಂತಿದ್ದಿ?” ಅಂತ ಕೇಳಿ, ಒಂದು ಲೋಟ ನೀರು ಕೊಟ್ಟು ಮಲಗಿಸುತ್ತಿದ್ದೆ. ನನ್ನ ತಾಯಿಯೂ ನನಗೆ ಹಾಗೇ ಮಾಡಿದ್ದಳು, ನಾನೇನು ಸತ್ತೆನೇ?

ಮಗಳು ಎಂಟನೆಯ ತರಗತಿಯಲ್ಲಿದ್ದ ವರ್ಷ, ಒಂದು ಮಧ್ಯಾಹ್ನ ಸಾದಾ ಸೀರೆಯುಟ್ಟ ಹೆಣ್ಣುಮಗಳೊಬ್ಬಳು ಬಂದಳು. ಮಹಿಳಾ ಸಂಘದ ಮೀಟಿಂಗಿಗೆ ಕರೆಯಲು ಬಂದವಳು ಅಂದುಕೊಂಡು ಚಹಾ ಕೊಟ್ಟೆ, ಅವಲಕ್ಕಿ ಕೊಟ್ಟೆ. ಪೂರ್ತಿ ತಿಂದಮೇಲೆ ಮೆಲ್ಲಗೆ, “ನಾನು ಪೊಲೀಸ್ರಿ ಅಕ್ಕಾರ, ಸಬ್ ಇನ್ಸ್‌ಪೆಕ್ಟರ್. ಮಕ್ಕಳ ಕಡೆ ಹೋಗುವಾಗ ನಾವು ಯೂನಿಫಾರ್ಮ್ ಹಾಕಂಗಿಲ್ಲ” ಅಂದಳು. ತಟ್ಟೆ ಕೆಳಗಿಟ್ಟು ಎದುರಿಗೆ ಕೂತೆ.

ಆಕೆ ಹೇಳಿದ್ದಿಷ್ಟು. ಕೊಲ್ಲಾಪುರದ ಹುಡುಗಿ ಅಂತ ಹೇಳಿಕೊಂಡು ಒಬ್ಬ ಗಂಡಸು ನನ್ನ ಮಗಳ ಜೊತೆ ಮೊಬೈಲಿನಲ್ಲಿ ಗೆಳೆತನ ಬೆಳೆಸಿದ್ದ. ಕಳಿಸಬಾರದ ಫೋಟೊ ಕಳಿಸುವ ಹಾಗೆ ಮಾಡಿದ್ದ. ಆಮೇಲೆ ಅದನ್ನೇ ಇಟ್ಟುಕೊಂಡು ಹೆದರಿಸುತ್ತಿದ್ದ. ಅವನು ಆ ಫೋಟೊವನ್ನು ಇನ್ನೆಲ್ಲಿಗೋ ಏರಿಸಲು ಹೋದಾಗ ಅಮೆರಿಕದ ಕಂಪನಿಯ ಮಷೀನು ಅದನ್ನು ಹಿಡಿಯಿತು. ಹಾಗೆ ಸಿಕ್ಕಿದ್ದನ್ನು ತಿಳಿಸಲೇಬೇಕು ಅಂತ ಅಲ್ಲಿಯ ಕಾನೂನು. ಅವರು ದಿಲ್ಲಿಗೆ ತಿಳಿಸಿದರು, ದಿಲ್ಲಿಯವರು ಬೆಂಗಳೂರಿಗೆ, ಬೆಂಗಳೂರಿನವರು ಬೆಳಗಾವಿಗೆ. ಹಾಗೆ ಇಳಿದು ಇಳಿದು ಸುದ್ದಿ ನಮ್ಮ ಕಟ್ಟೆಗೆ ಬಂದಿತ್ತು.

ಅಯ್ಯೋ ನನ್ನ ಕರ್ಮವೇ! ಮಗಳು ಊಟ ಬಿಟ್ಟಿದ್ದು, ಮೊಬೈಲ್ ಗುಂಯ್ ಅಂದರೆ ಬೆಚ್ಚುತ್ತಿದ್ದದ್ದು, ಎಲ್ಲ ಆಗ ಸಾಲಾಗಿ ನೆನಪಾಯಿತು. ಅಳು ಬರುವುದಕ್ಕಿಂತ ಮೊದಲು ಸಿಟ್ಟು ಬಂತು. ಯಾರ ಮೇಲೆ ಗೊತ್ತೇ? ಆ ಮಷೀನಿನ ಮೇಲೆ. ಎದೆಹಾಲು ಕುಡಿಸಿದವಳು ನಾನು, ಜ್ವರ ಬಂದಾಗ ಹಣೆ ಒತ್ತಿದವಳು ನಾನು. ಸಮುದ್ರದಾಚೆಯ ಒಂದು ಕಬ್ಬಿಣದ ಡಬ್ಬಿಗೆ ನನಗಿಂತ ಮೊದಲು ತಿಳಿಯಿತಲ್ಲ!

ಆ ಪೊಲೀಸ್ ಮೇಡಂ ನನ್ನ ಮಗಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದಳು: “ನಿನ್ನ ಮ್ಯಾಲ ಯಾರೂ ಸಿಟ್ಟಾಗಿಲ್ಲವ್ವಾ. ನೀ ಹೇಳೂಮುಂದ ಬಾಜೂಕ ಯಾರು ಕುಂದರ್ಲಿ?”

ನಾನು ಆಗಲೇ ಸೆರಗು ಸರಿಮಾಡಿಕೊಂಡು ಕೂರಲು ಅಣಿಯಾಗಿದ್ದೆ. ಮಗಳು ನೆಲ ನೋಡುತ್ತ ಅಂದಳು, “ಕಾಕು.”

“ಹಡದಾಕಿ ನಾ ಇಲ್ಲಿ ಕುಂತೀನಿ!” ಅಂತ ಕೂಗಿಬಿಟ್ಟೆ.

“ಹೌದ್ರಿ ಅಕ್ಕಾರ. ಆದ್ರ ಹಡದವರು ಯಾರು ಅಂತ ಕಾನೂನು ಕೇಳಂಗಿಲ್ಲ. ಹುಡುಗಿ ಯಾರ್ನ ನಂಬ್ಯಾಳ ಅಂತ ಕೇಳತೈತಿ” ಅಂದಳು ಮೇಡಂ. ಆಮೇಲೆ ಮಗಳ ಕಡೆ ತಿರುಗಿ, “ಕಾಕು ಯಾಕ ಬೇಕು?”

“ಕಾಕು ಹೊತ್ತು ಮುಣಗಿದ ಮ್ಯಾಲ ಬಿಸ್ಕೀಟ್ ಕೊಡ್ತಾಳ. ಎಷ್ಟ ವರ್ಷಾತು, ಅವ್ವಗ ಒಮ್ಮೆನೂ ಹೇಳಿಲ್ಲ.”

ಬಾಗಿಲಲ್ಲಿ ನಿಂತಿದ್ದ ನೆಗೆಣ್ಣಿಯ ಮುಖ ಸುಣ್ಣವಾಯಿತು. ನಾನು ಆಕೆಯನ್ನು ದುರುಗುಟ್ಟಿಕೊಂಡು ನೋಡಿದೆ. ನನ್ನ ಮನೆಯಲ್ಲಿ, ನನ್ನ ಕಣ್ಣು ತಪ್ಪಿಸಿ! ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ಫೋಟೊ, ಆ ಹಾಳಾದವನು, ಎಲ್ಲ ಮರೆತುಹೋಗಿ ಆ ಬಿಸ್ಕೀಟೇ ನನ್ನ ಗಂಟಲಲ್ಲಿ ಸಿಕ್ಕಿಕೊಂಡಿತು. ಇಬ್ಬರೂ ಮೇಡಂ ಜೊತೆ ಒಳಗೆ ಹೋದರು, ಬಾಗಿಲು ಮುಚ್ಚಿತು. ನಾನು ಅಡುಗೆಮನೆಯಲ್ಲಿ ಕೂತು ಒಂದೇ ಪಾತ್ರೆಯನ್ನು ಸುಮ್ಮನೆ ತಿಕ್ಕುತ್ತಿದ್ದೆ.

ಆ ಮನುಷ್ಯ ಬೇರೆ ರಾಜ್ಯದಲ್ಲಿ ಸಿಕ್ಕಿಬಿದ್ದ. ಫೋಟೊಗೆ ಬೆರಳಚ್ಚಿನಂಥ ಒಂದು ಗುರುತು ಮಾಡಿ ಹೊರದೇಶದ ಕಂಪನಿಗಳಿಗೂ ಕೊಟ್ಟಿದ್ದಾರೆ, ಅವರಲ್ಲಿ ಯಾರಾದರೂ ಮತ್ತೆ ಏರಿಸಲು ಹೋದರೆ ಮಷೀನು ತಡೆಯುತ್ತದೆ ಅಂತ ಮೇಡಂ ಹೇಳಿದಳು. ಕಂಪನಿಯಿಂದ ಕಾಗದಪತ್ರ ತರಿಸಲು ಸರಕಾರದಿಂದ ಸರಕಾರಕ್ಕೆ ಬರೆಯಬೇಕಾಗಿ ಬಹಳ ತಡವಾಯಿತು. ಅವೆಲ್ಲ ಬಂದಮೇಲೂ ಮಗಳು ಕೋರ್ಟಿನಲ್ಲಿ ತನ್ನ ಬಾಯಿಂದ ಹೇಳಬೇಕಿತ್ತು. ಅವನು ಅವಳ ಕಣ್ಣಿಗೆ ಬೀಳುವುದಿಲ್ಲ, ಹೊರಗಿನವರನ್ನು ಒಳಗೆ ಬಿಡುವುದಿಲ್ಲ, ನಂಬಿಕೆಯವರೊಬ್ಬರು ಜೊತೆಗಿರಬಹುದು. ಅವಳು ಅಲ್ಲಿ ಬಾಯಿ ಕಟ್ಟಿ ನಿಂತರೆ ಅವನು ಬಿಡುಗಡೆಯಾದರೂ ಆದಾನು ಅಂತ ವಕೀಲರು ಎಚ್ಚರಿಸಿದ್ದರು.

ಈ ಸಲವಾದರೂ ನಾನೇ ಹೋಗಬೇಕು ಅಂತ ಹಟ ಹಿಡಿದೆ. ಹೋಳಿಗೆ ಮಾಡಿದೆ. ಬೈಯುವುದನ್ನು ಬಿಟ್ಟೆ. ಜಡೆ ನಾನೇ ಹಾಕುತ್ತೇನೆ ಅಂದೆ. “ಭಾಳ ಬಿಗಿ ಆತವ್ವಾ” ಅಂತ ಮಗಳು ಅರ್ಧಕ್ಕೇ ಎದ್ದು ಹೋದಳು. ಎಲ್ಲಿಗೆ ಅಂತ ಬೇರೆ ಹೇಳಬೇಕೇ?

ನೆಗೆಣ್ಣಿ ಕುರುಡಿಯಲ್ಲ. ಕೋರ್ಟಿನ ಹಿಂದಿನ ದಿನ ಬಂದು, “ಅಕ್ಕಾ, ನೀವ ಹೋಗ್ರಿ. ನಂಗ ಜ್ವರ ಬಂದಾವ ಅಂತ ಹೇಳ್ತೀನಿ. ನಾ ಇಲ್ಲಂದ್ರ ನಿಮ್ಮನ್ನ ಕರೀತಾಳ” ಅಂದಳು.

“ಹಂಗ ಮಾಡು” ಅಂದೆ. ಒಂದು ಸಲವೂ ಯೋಚಿಸಲಿಲ್ಲ. ಆ ಸಂಜೆ ನನ್ನ ಒಳ್ಳೆಯ ಸೀರೆ ತೆಗೆದು ಇಸ್ತ್ರಿ ಮಾಡಿದೆ.

ಬೆಳಿಗ್ಗೆ ನೋಡಿದರೆ ಮಗಳು ಜಳಕ ಮಾಡಿ ಕಾಕುವಿನ ಕೋಣೆಯ ಬಾಗಿಲ ಮುಂದೆ ನಿಂತಿದ್ದಳು. ಒಳಗಿನಿಂದ ಆಕೆ “ಮೈಯಾಗ ಆರಾಮಿಲ್ಲ, ಅವ್ವನ ಕೂಡ ಹೋಗು” ಅನ್ನುತ್ತಿದ್ದಳು. ಮಗಳು ಅಳಲಿಲ್ಲ, ಹಟ ಮಾಡಲಿಲ್ಲ. ಆಕೆಯ ಚಪ್ಪಲಿಯನ್ನು ಹೊಸ್ತಿಲ ಮುಂದೆ ಜೋಡಿಸಿಟ್ಟು ಹಾಗೇ ನಿಂತಿದ್ದಳು. ಆ ಮುಖ ನನಗೆ ಗೊತ್ತಿತ್ತು. ಊಟ ಬಿಟ್ಟಿದ್ದ ತಿಂಗಳುಗಳಲ್ಲಿ ಅದೇ ಮುಖ ಹೊತ್ತು ತಿರುಗುತ್ತಿದ್ದಳು, ಆಗ ನಾನು ಏನೂ ಕೇಳಿರಲಿಲ್ಲ.

ಹೊಟ್ಟೆ ಭಗ್ಗನೆ ಉರಿಯಿತು. ಆ ಉರಿಯಲ್ಲೇ ಕೂಗಿದೆ: “ಏ, ಜ್ವರ ಗಿರ ಏನೂ ಬಂದಿಲ್ಲ ನಿಂಗ! ಲಗೂನ ಸೀರಿ ಉಟ್ಟು ಹೊರಗ ಬಾ. ಗಾಡಿ ಬಂದೈತಿ.”

ಬೆಳಗಾವಿಯ ಕೋರ್ಟಿನಲ್ಲಿ ಅವರಿಬ್ಬರೂ ಒಳಗೆ, ನಾನು ಹೊರಗೆ ಬೆಂಚಿನ ಮೇಲೆ. ಇಸ್ತ್ರಿ ಮಾಡಿದ ಸೀರೆ ಮುದ್ದೆಯಾಯಿತು. ಎದ್ದುಹೋಗಿ ಎದುರಿನ ಅಂಗಡಿಯಲ್ಲಿ ಒಂದು ಬಿಸ್ಕೀಟ್ ಪುಡಿಕೆ ಕೊಂಡು ಚೀಲದ ತಳಕ್ಕೆ ಹಾಕಿಕೊಂಡೆ. ಯಾಕೆ ಕೊಂಡೆ ಅಂತ ಆಗ ನನಗೂ ಸರಿಯಾಗಿ ಗೊತ್ತಿರಲಿಲ್ಲ. ಕೊನೆಗೆ ನೆಗೆಣ್ಣಿ ಕಣ್ಣು ಒರೆಸಿಕೊಳ್ಳುತ್ತ ಹೊರಬಂದು, “ಎಲ್ಲಾ ಹೇಳಿದ್ಲರಿ ಅಕ್ಕಾ. ಒಂದೂ ಬಿಡಲಿಲ್ಲ” ಅಂದಳು. ಆಕೆಯನ್ನು ತಬ್ಬಿಕೊಳ್ಳಬೇಕು ಅನ್ನಿಸಿತು, ಜಾಡಿಸಿ ಒದೆಯಬೇಕು ಅಂತಲೂ ಅನ್ನಿಸಿತು. ಎರಡೂ ಮಾಡಲಿಲ್ಲ.

ಚಿಕ್ಕೋಡಿ ಹತ್ತಿರ ಬರುವಾಗ ಹೊತ್ತು ಮುಳುಗಿ ಕತ್ತಲೆ ಇಳಿಯುತ್ತಿತ್ತು. ಮುಂದೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು, ನಮ್ಮ ಗಾಡಿ ತೆವಳುತ್ತಿತ್ತು. ನೆಗೆಣ್ಣಿ ಮುಂದಿನ ಸೀಟಿನಲ್ಲಿ ಬಾಯಿ ತೆರೆದು ನಿದ್ದೆ ಹೋಗಿದ್ದಳು. ಮಗಳು ಮಧ್ಯಾಹ್ನದಿಂದ ಏನೂ ತಿಂದಿರಲಿಲ್ಲ, ಹಸಿವು ಅಂತ ಬಾಯಿ ಬಿಟ್ಟು ಹೇಳಲೂ ಇಲ್ಲ. ನಾನೂ ಏನೂ ಕೇಳದೆ ಪುಡಿಕೆ ಒಡೆದು ಅವಳ ತೊಡೆಯ ಮೇಲಿಟ್ಟೆ.

ಮಗಳು ಒಮ್ಮೆ ಕಿಟಕಿಯಾಚೆಯ ಕತ್ತಲೆ ನೋಡಿದಳು, ಒಮ್ಮೆ ನನ್ನ ಮುಖ ನೋಡಿದಳು. ಒಂದು ತಿಂದಳು. ಇನ್ನೊಂದು ತಿಂದಳು. ಆಮೇಲೆ ಮುಂದಿನ ಸೀಟಿನ ಕಡೆ ಕಣ್ಣು ಹಾಯಿಸಿ, ನನ್ನ ಕಿವಿಗೆ ಬಾಯಿ ತಂದಳು.

“ಅವ್ವಾ, ಕಾಕುನ ಬಿಸ್ಕೀಟ್ ಅದಾವಲ್ಲ, ಸೀರಿ ಒಳಗ ಮುಚ್ಚಿಡ್ತಾಳ. ಪೂರಾ ನುಸಿಗೆ ಇಡೂ ಡಾಂಬರ್ ಗುಳಿಗಿ ವಾಸನಿ. ಒಟ್ಟ ಚಲೋ ಇರಂಗಿಲ್ಲ.”

“ಮತ್ತ ಇಷ್ಟ ವರ್ಷ ಯಾಕ ತಿಂದಿ?”

“ಆಕಿ ಯಾಕ ತಡಾ ಆತು ಅಂತ ಕೇಳ್ತಿದ್ದಿಲ್ಲ” ಅಂದಳು. ಇನ್ನೊಂದು ಬಿಸ್ಕೀಟು ಮುರಿಯುತ್ತ, “ಕಾಕುಗ ಹೇಳಬ್ಯಾಡ ಮತ್ತ” ಅಂದಳು. ಅಷ್ಟರಲ್ಲಿ ನೆಗೆಣ್ಣಿ ಎಚ್ಚರಾಗಿ ಹಿಂದಕ್ಕೆ ತಿರುಗಿ ನೋಡಿದಳು.

ತೀರ್ಪು ಇನ್ನೂ ಬಂದಿಲ್ಲ. ನೆಗೆಣ್ಣಿಗೆ ಕನ್ನಡ ಓದಲು ಬರುವುದಿಲ್ಲ ಅಂತ ಮೊದಲೇ ಹೇಳಿದೆನಲ್ಲ, ಇದನ್ನು ಯಾರೂ ಆಕೆಗೆ ಓದಿ ಹೇಳಬೇಡಿ. ಆಕೆ ಎಷ್ಟು ಸಲ ಕೇಳಿದ್ದಾಳೆ, “ಅವತ್ತು ಗಾಡಿಯಾಗ ತಾಯಿ ಮಗಳು ಏನ ಗುಸುಗುಸು ಮಾತಾಡಿದ್ರಿ ಅಕ್ಕಾ?” ಅಂತ. ಒಂದು ಮಾತೂ ಹೇಳಿಲ್ಲ, ಹೇಳುವುದೂ ಇಲ್ಲ. ಆಕೆಯ ಹೊಟ್ಟೆಯೂ ಸ್ವಲ್ಪ ಉರಿಯಲಿ.