ಪೇಟಿಯ ಎದುರು ಬದಿ

ಗುಂಡವ್ವಾ, ಸಣ್ಯಾ, ನಿಮ್ಮ ಶಾಲೆಯ ಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ. ಮನೆಯಲ್ಲಿ ಕೂಗುವ ಹಾಗೆಯೇ ಕೂಗುತ್ತೇನೆ. ನಿಮ್ಮ ಅಜ್ಜಿಯಾದ ನಾನು ಊರ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಓದಿದವಳು. ನಾಲ್ಕು ಜನರ ಮುಂದೆ ಬಾಯಿ ತೆರೆಯಲು ಈಗಲೂ ಆಗುವುದಿಲ್ಲ. ಬರೆಯುವಾಗ ಎದುರಿಗೆ ಯಾರೂ ಇರುವುದಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಮೊನ್ನೆ ಸಣ್ಯಾ ಕೇಳಿದ, "ಆಯಿ, ಮುತ್ಯಾನ ಪೇಟಿ ಎಲ್ಲಿ ಹೋತು? ನೀ ಯಾಕ ಕೊಟ್ಟಿ?" ಎಂದು. ನಾನು ಅಕ್ಕಿ ತೊಳೆಯುತ್ತಿದ್ದೆ. ತೊಳೆದು ಕುಕ್ಕರ್ ಮುಚ್ಚಿದೆ. ಉತ್ತರ ಈ ಹಾಳೆಗಳಲ್ಲಿದೆ.

ಆ ಹಾರ್ಮೋನಿಯಂ ಪೇಟಿ ನಮ್ಮದಾಗಿರಲಿಲ್ಲ. ಪಾಮನಕಲ್ಲೂರಿನ ಭಜನೆಯವರದು. ಬಾರಿಸುವವನು ಯಾರೋ ಅವನ ಮನೆಯಲ್ಲಿ ಪೇಟಿ ಇರುವುದು ಅವರ ಪದ್ಧತಿ. ಅವನು ತೀರಿಕೊಂಡರೆ ವರ್ಷದ ಪುಣ್ಯಸ್ಮರಣೆಯವರೆಗೆ ಯಾರೂ ಕೇಳುವುದಿಲ್ಲ. ಆ ದಿನ ಭಜನೆ ಮುಗಿದ ಮೇಲೆ ಮುಂದೆ ಬಾರಿಸುವವನು ಹೊತ್ತುಕೊಂಡು ಹೋಗುತ್ತಾನೆ. ಸತ್ತವನ ಮನೆಯಲ್ಲೇ ಬಾರಿಸುವವರಿದ್ದರೆ ಪೇಟಿ ಅಲ್ಲೇ ಉಳಿಯುತ್ತದೆ. ನಿಮ್ಮ ಮುತ್ಯಾನ, ಅಂದರೆ ನನ್ನ ಯಜಮಾನರ, ತಂದೆಯಿಂದ ಮುತ್ಯಾನಿಗೆ ಹಾಗೆಯೇ ಉಳಿದಿತ್ತು.

ಮುತ್ಯಾನಿಗೆ ಲಕ್ವ ಹೊಡೆದದ್ದು ನಿಮಗೆ ನೆನಪಿರಲಿಕ್ಕಿಲ್ಲ. ಲಿಂಗಸುಗೂರಿನ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದೆವು. ಎಡಗೈ, ಎಡಗಾಲು ಹೋದವು. ಬಲಗೈ ಉಳಿಯಿತು. ಬಲಗೈ ಪೇಟಿಯ ಪಟ್ಟಿ ಒತ್ತುವ ಕೈ, ಎಡಗೈ ಹಿಂದಿನ ತಿದಿಗೆ ಗಾಳಿ ಹಾಕುವ ಕೈ. ಗಾಳಿಯಿಲ್ಲದೆ ಪಟ್ಟಿ ಒತ್ತಿದರೆ ಟಕಟಕ ಎನ್ನುತ್ತದೆ, ಅಷ್ಟೇ. ಮನೆಗೆ ಬಂದ ಮೂರನೆಯ ದಿನ ಅವರು ಹಾಗೆ ಟಕಟಕ ಮಾಡುತ್ತ ಕೂತಿದ್ದರು. ನಾನು ಹೋಗಿ ಎದುರಿಗೆ ಕೂತು ತಿದಿ ಹಿಡಿದೆ. ಅವರು ಬಾರಿಸಿದರು. ಎರಡೂವರೆ ವರ್ಷ ದಿನವೂ ಸಂಜೆ ಹಾಗೆಯೇ ನಡೆಯಿತು. ನಾನು ಒಂದು ಪಟ್ಟಿಯನ್ನೂ ಮುಟ್ಟಲಿಲ್ಲ. ಹಾಡು ಎಲ್ಲಿ ಉಸಿರು ಬೇಡುತ್ತದೆ, ಎಲ್ಲಿ ತಡೆಯುತ್ತದೆ ಎಂಬುದು ಮಾತ್ರ ನನ್ನ ಮೊಣಕೈಗೆ ಗೊತ್ತಾಗುತ್ತ ಹೋಯಿತು.

ಅವರು ಹೋದ ಮೇಲೆ ನಿಮ್ಮ ಅವ್ವ ನನ್ನನ್ನು ಸಿಂಧನೂರಿಗೆ ಕರೆತಂದಳು. ಮಸ್ಕಿಯಲ್ಲಿ ಬಸ್ಸು ಬದಲಿಸುವಾಗ ಪೇಟಿ ನನ್ನ ತಲೆಯ ಮೇಲಿತ್ತು. ಆಗ ನನಗೆ ಏನೂ ಅನ್ನಿಸುತ್ತಿರಲಿಲ್ಲ. ಅಳು ಬರಲಿಲ್ಲ ಎಂದು ಬಂಧುಗಳು ಗುಸುಗುಸು ಮಾಡಿದ್ದೂ ಕೇಳಿಸಿತು, ಬೇಸರವಾಗಲಿಲ್ಲ. ಬಿಸಿ ಲೋಟ ಹಿಡಿದರೆ ಬಿಸಿ ಎಂದು ತಿಳಿಯುತ್ತಿತ್ತು, ಸುಡುತ್ತಿರಲಿಲ್ಲ. ಬೇಕು ಎಂದು ಅನ್ನಿಸಿದ್ದು ಒಂದೇ: ಪೇಟಿ ಹೋಗಬಾರದು. ಯಾಕೆ ಎಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಹೋಗಬಾರದಾದರೆ ಈ ಮನೆಯಲ್ಲಿ ಒಬ್ಬರು ಬಾರಿಸಬೇಕಿತ್ತು, ವರ್ಷ ತುಂಬುವುದರೊಳಗೆ.

ಗುಂಡವ್ವಾ, ಆಗ ನೀನು ಭಾನುವಾರ ಕೀಬೋರ್ಡ್ ಕಲಿಯಲು ಬ್ಯಾಂಕಿನ ಮೇಡಂ ಮನೆಗೆ ಹೋಗುತ್ತಿದ್ದಿ. ಕಾಲುವೆ ಕಡೆಗೆ ಹೋಗುವ ದಾರಿಯಲ್ಲಿ, ಅಕ್ಕಿ ಗಿರಣಿಯ ಹಿಂದಿನ ಮಹಡಿ ಮನೆ. ಅವರು ಮೈಸೂರು ಕಡೆಯವರು, ವರ್ಗವಾಗಿ ಬಂದವರು, ಒಬ್ಬರೇ ಇದ್ದರು. ಅವರ ಕೋಣೆಯಲ್ಲಿ ಕರೆಂಟಿನ ಉದ್ದನೆಯ ಪಿಯಾನೋ ಇತ್ತು. ನಿನ್ನನ್ನು ಬಿಟ್ಟು ನಾನು ಬಾಗಿಲ ಬಳಿಯ ಕುರ್ಚಿಯ ಮೇಲೆ ಕೂತಿರುತ್ತಿದ್ದೆ. ಒಂದು ದಿನ ನೀನು ನೀರು ಕುಡಿಯಲು ಹೋದಿ, ಮೇಡಂ ಚಹಾ ಸೋಸಲು ಒಳಗೆ ಹೋದರು. ನಾನು ಎದ್ದು ಹೋಗಿ ಮುತ್ಯಾ ಬಾರಿಸುತ್ತಿದ್ದ ಒಂದು ತತ್ವಪದವನ್ನು ಒಂದೇ ಬೆರಳಿನಿಂದ ಒತ್ತಿದೆ. ಬೆರಳು ಸಲೀಸಾಗಿ ಹೋಯಿತು, ಕೇಳಿಸಿದ್ದು ಮಾತ್ರ ಆ ಪದವಲ್ಲ. ಬೇರೆ ಏನೋ. ಮತ್ತೆ ಒತ್ತಿದೆ, ಮತ್ತೆ ಅದೇ.

ಮೇಡಂ ಜರಡಿ ಕೈಯಲ್ಲಿ ಹಿಡಿದೇ ಬಂದರು. "ಇದೇನು ನುಡಿಸಿದ್ರಿ?"

"ಏನಿಲ್ರಿ ಮೇಡಂರ. ತಪ್ಪಾತ್ರಿ, ಮುಟ್ಟಬಾರದಿತ್ತು."

"ಅಯ್ಯೋ ಇನ್ನೊಂದ್ಸಲ ನುಡಿಸಿ ಅಮ್ಮ. ಯಾರು ಹೇಳ್ಕೊಟ್ಟಿದ್ದು ನಿಮಗೆ?"

ಯಾರೂ ಅಲ್ಲ, ಪೇಟಿ ಬಾರಿಸುವವರ ಎದುರಿಗೆ ಕೂತು ನೋಡಿದ್ದು ಎಂದೆ. ಅವರು ಜರಡಿ ಕೆಳಗಿಟ್ಟು, ಹೊಟ್ಟೆ ಹಿಡಿದುಕೊಂಡು ನಗಲು ಶುರು ಮಾಡಿದರು. ಆಮೇಲೆ ನನಗೂ ತಿಳಿಯಿತು. ನಾನು ಪೇಟಿಯನ್ನು ಕಂಡದ್ದೆಲ್ಲ ತಿದಿಯ ಬದಿಯಿಂದ. ಮುತ್ಯಾನಿಗೆ ಎಡಕ್ಕಿದ್ದ ದಪ್ಪ ಸ್ವರ ನನಗೆ ಬಲಕ್ಕಿತ್ತು. ಈಗ ಈಚೆ ಬದಿಗೆ ಕೂತರೂ ಬೆರಳು ಅದೇ ದಿಕ್ಕು ಹಿಡಿದಿತ್ತು. ಪದ ಏರುವಲ್ಲಿ ನಾನು ಇಳಿದಿದ್ದೆ, ಇಳಿಯುವಲ್ಲಿ ಏರಿದ್ದೆ. ಮೇಡಂ ನಗು ನಿಲ್ಲಿಸಿ, "ಹಾಗೇ ನುಡಿಸ್ತಾ ಇರಿ" ಎಂದು ನನ್ನ ಎಡಗಡೆ ಕೂತು, ಮೂರು ನಾಲ್ಕು ಪಟ್ಟಿಗಳನ್ನು ಒಟ್ಟಿಗೆ ಒತ್ತುತ್ತ ಬಂದರು. ಆ ತಲೆಕೆಳಗಾದ ಪದ ಅದರ ಮೇಲೆ ನೆಟ್ಟಗೆ ಕೂತಿತು.

"ಹೀಗೆ ಒಟ್ಟಿಗೆ ಒತ್ತೋದಕ್ಕೆ ಕಾರ್ಡ್ ಅಂತಾರೆ" ಎಂದರು.

ಅಂದು ನನಗೆಲ್ಲಿಂದ ಧೈರ್ಯ ಬಂತೋ ತಿಳಿಯದು. "ಮೇಡಂರ, ನನಗ ಪೇಟಿ ಬಾರಸೂದು ಕಲಸ್ರಿ. ವರ್ಷ ತುಂಬೂದ್ರಾಗ" ಎಂದು ಪೇಟಿಯ ವಿಷಯವೆಲ್ಲ ಹೇಳಿದೆ.

"ನಂಗೆ ಭಜನೆ ಬರಲ್ಲಮ್ಮ. ಚಿಕ್ಕವಳಿದ್ದಾಗಿಂದ ಕಲಿತಿದ್ದು ಜಾಝ್ ಒಂದೇ."

"ಏನೋ ಒಂದು. ಅದನ್ನ ಕಲಸ್ರಿ."

ಗುಂಡವ್ವಾ, ನಿನಗೆ ಟ್ಯೂಷನ್ ಶುರುವಾಗಿ ನೀನು ಬಿಟ್ಟ ಮೇಲೂ ನಾನು ಹೋಗುತ್ತಿದ್ದೆ. ದಾರಿಯಲ್ಲಿ ಯಾರಾದರೂ ಕೇಳಿದರೆ "ಮೇಡಂಗ ಉಪ್ಪಿನಕಾಯಿ ಕೊಡಾಕ ಹೊಂಟೀನಿ" ಎನ್ನುತ್ತಿದ್ದೆ. ಈ ಸುಳ್ಳಿಗಾಗಿ ಎಷ್ಟೋ ಸಲ ನಿಜವಾಗಿಯೂ ಉಪ್ಪಿನಕಾಯಿ ಒಯ್ಯಬೇಕಾಯಿತು.

ಮೊದಲ ತಿಂಗಳು ನನ್ನ ಎಡಗೈಯದೇ ಕಾಟ. ಬಲಗೈ ಪಟ್ಟಿ ಮುಟ್ಟಿದ ಕೂಡಲೇ ಎಡಗೈ ಪಿಯಾನೋದ ಹಿಂದೆ ಹೋಗಿ ಗಾಳಿಯಲ್ಲಿ ತಿದಿ ಹುಡುಕುತ್ತಿತ್ತು. ಮೇಡಂ ಅದನ್ನು ಹಿಡಿದು ತಂದು ಪಟ್ಟಿಯ ಮೇಲಿಡುತ್ತಿದ್ದರು. "ಇದಕ್ಕೆ ಗಾಳಿ ಬೇಡ ಅಮ್ಮ. ಕರೆಂಟ್ ಇದೆ." ನಮ್ಮಲ್ಲಿ ಅದೂ ಆಗಾಗ ಹೋಗುತ್ತಿತ್ತು, ಆಗ ಇಬ್ಬರೂ ಸುಮ್ಮನೆ ಕೂತಿರುತ್ತಿದ್ದೆವು.

ಆಮೇಲೆ ಎರಡು ಬೆರಳಿನ ಪಾಠ. ಇದನ್ನು ನೀವು ಕೀಬೋರ್ಡಿನ ಮೇಲೆ ಇಟ್ಟು ನೋಡಿ. ಮೊದಲ ಕಾರ್ಡಿಗೆ ಮ ಮತ್ತು ಅದರ ಮೇಲಿನ ಸ. ಎರಡನೆಯದಕ್ಕೆ ಮ ಅಲ್ಲೇ ಇರುತ್ತದೆ, ಸ ಅರ್ಧ ಹೆಜ್ಜೆ, ಎಂದರೆ ಪಕ್ಕದ ಪಟ್ಟಿಗೆ, ಇಳಿದು ನಿ ಆಗುತ್ತದೆ. ಮೂರನೆಯದಕ್ಕೆ ನಿ ಅಲ್ಲೇ ಇರುತ್ತದೆ, ಮ ಅರ್ಧ ಹೆಜ್ಜೆ ಇಳಿದು ಗ ಆಗುತ್ತದೆ. ಅಷ್ಟೇ. ಒಂದು ಬೆರಳು ನಿಂತಿರುವಾಗ ಇನ್ನೊಂದು ಇಳಿಯುವುದು. ಈ ಮೂರನೆಯದಕ್ಕೆ ಬಂದಾಗ ಹಾಡು ಮನೆ ಸೇರಿದ ಹಾಗೆ ಎಂದು ಮೇಡಂ ಹೇಳುತ್ತಿದ್ದರು. ನನ್ನ ಬೆರಳು ಮಾತ್ರ ಅಲ್ಲಿ ಸ ಹುಡುಕುತ್ತಿತ್ತು.

"ಸ ಬಿಟ್ಟುಬಿಡಿ ಅಮ್ಮ."

"ಸ ಬಿಟ್ರ ಏನು ಉಳಿತೈತ್ರಿ? ಸ ಹಿಡದೇ ಅಲ್ರಿ ಎಲ್ಲಾರೂ ಹಾಡೂದು."

"ಜಾಝ್‌ನಲ್ಲಿ ದಪ್ಪ ತಂತಿ ನುಡಿಸೋನು ಒಬ್ಬ ಪಕ್ಕದಲ್ಲಿ ಇರ್ತಾನೆ. ಸ ಅವನ ಕೆಲಸ. ನೀವೂ ಅದನ್ನೇ ಒತ್ತಿದ್ರೆ ಗಲೀಜಾಗುತ್ತೆ." ಅವರು ಫೋನಿನಲ್ಲಿ ಆ ದಪ್ಪ ತಂತಿಯ ಸದ್ದು ಹಾಕಿ ಎದುರಿಗಿಡುತ್ತಿದ್ದರು. ಅದು ಧುಂ ಧುಂ ಎಂದು ನಡೆಯುತ್ತಿತ್ತು, ನಾನು ಗ, ನಿ ಹಿಡಿದು ಕೂತಿರುತ್ತಿದ್ದೆ. ಇದು ಬೇಗ ಬಂತು. ಇನ್ನೊಬ್ಬರಿಗೆ ಜೊತೆ ಕೊಡುವುದು ನನಗೆ ಹೊಸದೇನೂ ಅಲ್ಲ. ಮೇಡಂ ಮೇಲೆ ರಾಗ ಬಾರಿಸುತ್ತ ಎಲ್ಲಿ ಉಸಿರು ಬಿಡುತ್ತಾರೋ ಅಲ್ಲಿ ನನ್ನ ಬೆರಳು ತಾನೇ ಒತ್ತುತ್ತಿತ್ತು. ಮೇಡಂ "ಇದನ್ನ ಹೇಳಿಕೊಡೋಕೆ ಆಗಲ್ಲ, ನಿಮಗೆ ಹೇಗೆ ಬಂತು?" ಎಂದರು.

ಬರದೇ ಹೋದದ್ದು ಮುಂದಿನದು. ಜಾಝ್‌ನಲ್ಲಿ ಪಾಳಿ ಇರುತ್ತದೆ. ಒಬ್ಬರು ತಾಳದ ಹದಿನಾರು ಏಟು ತಮಗೆ ತೋಚಿದ್ದನ್ನು ಬಾರಿಸಿದರೆ, ಇನ್ನೊಬ್ಬರು ಹದಿನಾರು ಏಟು ಉತ್ತರ ಕೊಡಬೇಕು. ಮೊದಲೇ ಬರೆದಿಟ್ಟುಕೊಂಡಿರಬಾರದು. ಮೇಡಂ ಬಾರಿಸಿ ನನ್ನ ಕಡೆ ತಲೆಯಾಡಿಸುತ್ತಿದ್ದರು. ನಾನು ಅವರದನ್ನೇ ತಿರುಗಿ ಬಾರಿಸುತ್ತಿದ್ದೆ, ಒಂದು ಸ್ವರವೂ ತಪ್ಪದ ಹಾಗೆ.

"ಅದು ನಾನು ಹೇಳಿದ್ದು. ನೀವು ಹೇಳೋದು ಏನು?"

"ನನಗೇನು ಹೇಳೂದೈತ್ರಿ ಮೇಡಂರ."

"ಏನೂ ಇಲ್ವಾ?"

"ಏನೂ ಇಲ್ರಿ."

ಅದು ನಾಚಿಕೆಯ ಮಾತಾಗಿರಲಿಲ್ಲ. ನಿಜವಾಗಿಯೂ ಒಳಗೆ ಏನೂ ಇರಲಿಲ್ಲ. ಹಾಗೆಯೇ ನಾಲ್ಕು ತಿಂಗಳು ಹೋಯಿತು. ಪಾಳಿ ಬಂದಾಗಲೆಲ್ಲ ನನ್ನ ಕೈ ಪಟ್ಟಿಯ ಮೇಲೆ ಸುಮ್ಮನೆ ಕೂತಿರುತ್ತಿತ್ತು, ದಪ್ಪ ತಂತಿ ಧುಂ ಧುಂ ಎಂದು ಹದಿನಾರು ಏಟು ತಾನೇ ನಡೆದು ಮುಗಿಯುತ್ತಿತ್ತು. ಮೇಡಂ ಬೈಯಲಿಲ್ಲ. ಒಂದು ದಿನ ಮಾತ್ರ, "ತಪ್ಪಾಗುತ್ತೆ ಅಂತ ಭಯಾನಾ? ತಪ್ಪು ಪಟ್ಟಿ ಒತ್ತಿದ್ರೆ ಅದನ್ನೇ ಇನ್ನೊಂದ್ಸಲ ಒತ್ತಿ, ಪಕ್ಕಕ್ಕೆ ಹೋಗಿ. ಸರಿ ಇರೋದು ಯಾವಾಗಲೂ ಪಕ್ಕದಲ್ಲೇ ಇರುತ್ತೆ" ಎಂದರು. ಭಯವಿದ್ದಿದ್ದರೆ ಒಳ್ಳೆಯದಿತ್ತು ಎಂದುಕೊಂಡೆ.

ಪುಣ್ಯಸ್ಮರಣೆಗೆ ಪೇಟಿಯನ್ನು ಪಾಮನಕಲ್ಲೂರಿಗೆ ಒಯ್ದೆ. ಮೈದುನನ ಮನೆಯ ಪಡಸಾಲೆಯಲ್ಲಿ, ಊಟವಾದ ಮೇಲೆ, ಮಧ್ಯಾಹ್ನ ಮೂರರ ಹೊತ್ತಿಗೆ ಭಜನೆಯವರು ಕೂತರು. ಹಾಡುವ ಹಿರಿಯರು ಮುತ್ಯಾನಿಗಿಂತ ದೊಡ್ಡವರು, ನನ್ನನ್ನು ತಂಗಿ ಎನ್ನುವವರು. ಮುಂದೆ ಬಾರಿಸಬೇಕಾದವನು ಮುತ್ಯಾನ ಹತ್ತಿರವೇ ಕಲಿತ ಕಿರಾಣಿ ಅಂಗಡಿಯವನು, ಒಳ್ಳೆಯ ಮನುಷ್ಯ, ನನ್ನನ್ನು ಚಿಗವ್ವ ಎನ್ನುತ್ತಾನೆ. ಅವನು ಪೇಟಿಯ ಮುಂದೆ ಕೂತ. ಹಿರಿಯರು ನನ್ನ ಕಡೆ ನೋಡಿ, "ಬಾ ತಂಗಿ, ಅವನ ಎದುರಿಗೆ ಕುಂತು ಗಾಳಿ ಹಾಕು. ನನ್ನ ಗೆಳ್ಯಾನ ಕಂಡಂಗಾಕೈತಿ" ಎಂದರು. ಪ್ರೀತಿಯಿಂದಲೇ ಅಂದದ್ದು.

"ಇಲ್ರಿ ಅಣ್ಣಾರ, ಗಾಳಿ ಹಾಕಂಗಿಲ್ಲ. ನಾ ಬಾರಸ್ತೀನಿ."

ಪಡಸಾಲೆಯಲ್ಲಿ ಮೂವತ್ತು ಜನರಾದರೂ ಇದ್ದರು. ಅಂಗಡಿಯವನು ಎದ್ದು ಜಾಗ ಬಿಟ್ಟ. ಹಿಂದಿನಿಂದ ನನ್ನ ನೆಗೆಣ್ಣಿ, ಮೈದುನನ ಹೆಂಡತಿ, "ಸಿಂಧನೂರಿಗೆ ಹೋಗಿ ಅಕ್ಕ ಮಾತು ಕಲ್ತು ಬಂದಾಳ ನೋಡ್ರೆ" ಎಂದದ್ದು ಕೇಳಿಸಿತು. ನಾನು ಎಡಗೈ ತಿದಿಯ ಮೇಲಿಟ್ಟು, ಬಲಗೈ ಪಟ್ಟಿಯ ಮೇಲಿಟ್ಟೆ. ಹಿರಿಯರು ಪದ ಎತ್ತಿದರು. ನಾನು ಮೇಡಂ ಕಲಿಸಿದ ಹಾಗೆ ಎರಡು ಬೆರಳು ಇಳಿಸುತ್ತ ಬಂದೆ. ಅವರೆಲ್ಲ ಸ ಮೇಲೆ ಬಂದು ನಿಲ್ಲುವಾಗ ನಾನು ಗ, ನಿ ಹಿಡಿದಿದ್ದೆ. ಅಲ್ಲಿ ದಪ್ಪ ತಂತಿಯವನು ಇಲ್ಲ ಎಂಬುದು ನನ್ನ ತಲೆಗೆ ಬಂದಿರಲಿಲ್ಲ. ಹಾಡುವವರು ಒಬ್ಬರು ಅತ್ತ, ಒಬ್ಬರು ಇತ್ತ ಹೋದರು. ಡಗ್ಗಾದ ಪೆಟ್ಟು ನಿಂತಿತು.

"ಸ ಎಲ್ಲಿ ಹೋತಬೇ?" ಎಂದರು ಹಿರಿಯರು.

"ಪೇಟ್ಯಾಗ ಇಲಿ ಹೊಕ್ಕಾವೇನು ನೋಡ್ರಿ" ಎಂದ ತಾಳದವನು. ಎಲ್ಲರೂ ನಕ್ಕರು. ನನಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ.

"ಇನ್ನೊಮ್ಮೆ ಎತ್ರಿ ಅಣ್ಣಾರ" ಎಂದೆ.

ಈ ಸಲ ಕಾರ್ಡ್ ಬಿಟ್ಟೆ. ಅವರು ಹಾಡಿದ್ದನ್ನೇ, ಏರುವಲ್ಲಿ ಏರಿ ಇಳಿಯುವಲ್ಲಿ ಇಳಿದು, ಬೆನ್ನು ಹತ್ತಿ ಬಾರಿಸಿದೆ, ಪೇಟಿಯವರೆಲ್ಲ ಮಾಡುವ ಹಾಗೆ. ತಪ್ಪಲಿಲ್ಲ. ಮೂರನೆಯ ನುಡಿ ಮುಗಿದು ಅವರು ಉಸಿರು ತೆಗೆದುಕೊಂಡರು. ಅಲ್ಲಿ ಪೇಟಿ ಪಲ್ಲವಿಯನ್ನು ಒಮ್ಮೆ ತಿರುಗಿ ಬಾರಿಸುವುದು ರೂಢಿ. ನಾನು ಪಲ್ಲವಿ ಬಾರಿಸಲಿಲ್ಲ. ಬೇರೆ ಏನೋ ಬಾರಿಸಿದೆ. ಏನು ಎಂದು ಈಗ ಬರೆಯಲು ಬರುವುದಿಲ್ಲ. ನಡುವೆ ಒಂದು ತಪ್ಪು ಪಟ್ಟಿ ಬಿತ್ತು, ಅದನ್ನೇ ಇನ್ನೊಮ್ಮೆ ಒತ್ತಿ ಪಕ್ಕಕ್ಕೆ ಹೋದೆ. ಹಿರಿಯರು ಬಾಯಿ ತೆರೆದವರು ಹಾಗೇ ಮುಚ್ಚಿ, ಒಂದು ಸುತ್ತು ಕಾಯ್ದರು. ಹದಿನಾರು ಏಟು ಇತ್ತೋ, ಹೆಚ್ಚಿತ್ತೋ, ಎಣಿಸಲಿಲ್ಲ. ನಾನು ಸ ಮೇಲೆ ಬಂದು ನಿಂತೆ. ಅವರು ಅಲ್ಲಿಂದ ಎತ್ತಿಕೊಂಡರು.

ಭಜನೆ ಮುಗಿದ ಮೇಲೆ ಹಿರಿಯರು ಚಹಾ ಕುಡಿಯುತ್ತ ಹೇಳಿದರು, "ಚಲೋ ಬಾರಸ್ತಿ ತಂಗಿ, ಸುಳ್ಳು ಹೇಳಂಗಿಲ್ಲ. ಪದ್ಧತಿ ಪ್ರಕಾರ ಪೇಟಿ ನಿನ್ನ ಕಡೀನ ಇರಬೇಕು. ಆದ್ರ ಒಂದು ಮಾತು ಕೇಳ್ತೀನಿ. ನಾವು ಶ್ರಾವಣ ಪೂರ್ತಿ ಊರೂರು ತಿರಗ್ತೀವಿ. ಟಂಟಂದಾಗ ನಮ್ಮ ಜೋಡಿ ಬರ್ತಿಯೇನು?"

ಹೂಂ ಎಂದರೆ ಸಾಕಿತ್ತು. ನಾನು ಅಷ್ಟು ಗಂಡಸರ ನಡುವೆ ಆ ಸಣ್ಣ ಗಾಡಿಯಲ್ಲಿ ಕೂತು ಊರೂರು ತಿರುಗುವುದನ್ನು ಮನಸ್ಸಿನಲ್ಲಿ ತಂದುಕೊಂಡು ನೋಡಿದೆ. ನಿಮ್ಮ ಡಬ್ಬಿ ಕಟ್ಟುವುದಿತ್ತು ಎಂದು ಹೇಳಿದರೆ ನೆಪವಾಗುತ್ತದೆ. ನನ್ನಿಂದ ಆಗುವುದಿಲ್ಲ ಎಂಬುದೇ ಸರಿ.

"ಇಲ್ರಿ ಅಣ್ಣಾರ."

"ಮತ್ತ ಹೆಂಗ್ ಮಾಡೂಣು?"

"ಒಯ್ರಿ. ಹಾಡವರ ಕಡೆ ಇರ್ಲಿ."

ಯಾರೂ ನನ್ನಿಂದ ಕಿತ್ತುಕೊಳ್ಳಲಿಲ್ಲ ಸಣ್ಯಾ, ಇದನ್ನು ನೀನು ತಿಳಿದುಕೊಳ್ಳಬೇಕು. ನಾನೇ ಹಳೆಯ ಚಾದರದಲ್ಲಿ ಸುತ್ತಿ ಗಂಟು ಹಾಕಿದೆ. ಗಂಟಿನ ಒಂದು ತುದಿ ನಾನು, ಇನ್ನೊಂದು ತುದಿ ಅಂಗಡಿಯವನು ಹಿಡಿದು ಅವನ ಮನೆಯವರೆಗೆ ಹೋದೆವು. ದಾರಿಯಲ್ಲಿ ಅವನು, "ಚಿಗವ್ವ, ನಡಕ ಏನೋ ಬಾರಿಸಿದ್ರಲ್ಲ, ಅದನ್ನ ನನಗ ಕಲಸ್ರಿ" ಎಂದ.

"ಅದು ಕಲಸಾಕ ಬರಂಗಿಲ್ಲಪ. ನನಗೂ ಇನ್ನೊಮ್ಮೆ ಬರಂಗಿಲ್ಲ."

ಅವನು ಇದನ್ನು ಜಂಬ ಎಂದುಕೊಂಡನೋ ಏನೋ, ಗಂಟು ಬಿಗಿಹಿಡಿದು ಬೇಗ ಬೇಗ ನಡೆದ. ವಾಪಸು ಬರುವಾಗ ನನ್ನ ತೋಳು ನೋಯುತ್ತಿತ್ತು, ಆ ಬಿಸಿ ಲೋಟದ ಹಾಗಲ್ಲ, ನಿಜವಾಗಿಯೂ ನೋಯುತ್ತಿತ್ತು. ಅದು ನೋಯುತ್ತಿದೆ ಎಂದು ಎರಡು ಮೂರು ಸಲ ನನಗೆ ನಾನೇ ಹೇಳಿಕೊಂಡೆ. ಬೇರೇನೂ ಅನ್ನಿಸಲಿಲ್ಲ.

ಮೇಡಂಗೆ ವರ್ಗವಾಯಿತು. ಈಗ ಗುಂಡವ್ವ ಬಿಟ್ಟ ಕೀಬೋರ್ಡಿನ ಮೇಲೆ, ನೀವೆಲ್ಲ ಶಾಲೆಗೆ ಹೋದ ಮೇಲೆ, ನಾನು ಅರ್ಧ ತಾಸು ಕೂರುತ್ತೇನೆ. ಕೆಲವು ದಿನ ಏನಾದರೂ ಬರುತ್ತದೆ, ಬಹಳ ದಿನ ಬರುವುದಿಲ್ಲ. ಬರುವವರೆಗೆ ಎರಡು ಬೆರಳು ಇಳಿಸುತ್ತ ಇರುತ್ತೇನೆ. ಈ ಹಾಳೆಗಳ ಹಿಂದೆ ಪಟ್ಟಿಗಳ ಚಿತ್ರ ಬರೆದು, ಯಾವ ಬೆರಳು ಎಲ್ಲಿ ಎಂದು ಕನ್ನಡದಲ್ಲೇ ಗುರುತು ಹಾಕಿದ್ದೇನೆ. ಗೆರೆಗಳು ಸೊಟ್ಟಗಿವೆ, ತಿದ್ದಬೇಡಿ. ನಿಮ್ಮ ಅವ್ವ ಬೀರುವಿನಲ್ಲಿ ಕಾಗದಪತ್ರ ಇಡುವ ಪ್ಲಾಸ್ಟಿಕ್ ಚೀಲವಿದೆಯಲ್ಲ, ಇವನ್ನು ಅದರೊಳಗೆ ಹಾಕಿ. ಹೊರಗಿಟ್ಟರೆ ನಮ್ಮ ಮನೆಯಲ್ಲಿ ಹಾಳೆಯ ಮೇಲೆ ಚಹಾದ ಲೋಟ ಇಟ್ಟುಬಿಡುತ್ತಾರೆ.