ಪ್ರಾರ್ಥನೆಯಲ್ಲಿ ಸಿಕ್ಕ ಅಡ್ಮಿಷನ್

ಮಕ್ಕಳೇ, ನಾಲ್ಕು ಜನರ ಮುಂದೆ ನನ್ನ ಬಾಯಿಂದ ಮಾತು ಹೊರಡುವುದಿಲ್ಲ. ಪ್ರಾರ್ಥನೆಗೆಂದು ಕಣ್ಣು ಮುಚ್ಚಿಸಿದರೆ ಮಾತ್ರ ಕತೆ ಬೇರೆ.

ಹೋದ ವರ್ಷ ನನ್ನ ಮೊಮ್ಮಗಳು ಗ್ರೇಸಿ, ಯೂನಿವರ್ಸಿಟಿಯಲ್ಲಿ ಕ್ರೈಸ್ತ ನೀತಿಶಾಸ್ತ್ರ ಮತ್ತು ಪ್ರಾಯೋಗಿಕ ದೈವಶಾಸ್ತ್ರ ಓದುತ್ತೇನೆಂದು ಹಟ ಹಿಡಿದಳು. ಅವಳ ಅಪ್ಪ, ಅಂದರೆ ನನ್ನ ಮಗ, ಒಪ್ಪಲಿಲ್ಲ. (ಅವನು ವೈಟ್‌ಫೀಲ್ಡಿನ ಫ್ಯಾಕ್ಟರಿಯೊಂದರಲ್ಲಿ ಸೂಪರ್‌ವೈಸರ್. ಮನೆಯಲ್ಲೂ ಅದೇ ಕೆಲಸ.)

"ಎಲ್ರ ಹಾಗೆ ಕಂಪನಿ ಕೆಲಸಕ್ಕೆ ಸೇರಿ ಕುಂದಲಹಳ್ಳಿ ಗೇಟಲ್ಲಿ ಆಫೀಸ್ ಬಸ್ ಹತ್ತೋದು ಬಿಟ್ಟು, ಚರ್ಚಲ್ಲಿ ಪ್ರಸಂಗ ಮಾಡೋಕೆ ಓದ್ತಾಳಂತೆ," ಎಂದ.

"ಪ್ರಸಂಗ ಅಲ್ಲಪ್ಪಾ. ಆಸ್ಪತ್ರೇಲಿ, ಸಾವಿನ ಮನೇಲಿ ಜನರ ಜೊತೆ ಹೇಗೆ ನಡ್ಕೋಬೇಕು ಅನ್ನೋದು," ಎಂದಳು ಗ್ರೇಸಿ.

"ಅದಕ್ಕೂ ಡಿಗ್ರಿ ಬೇಕಾ? ನಿಮ್ಮಜ್ಜಿ ಯಾವ ಡಿಗ್ರಿ ಮಾಡಿದ್ರು?"

ಅಡ್ಮಿಷನ್ ಮುಗಿಯಲು ಒಂದೇ ವಾರ ಉಳಿದಿತ್ತು. ಹುಡುಗಿ ಊಟ ಬಿಟ್ಟಳು. ಮಗನಿಗೆ ಬುದ್ಧಿ ಹೇಳೋಣವೆಂದರೆ ನನಗೆಲ್ಲಿಯ ಧೈರ್ಯ?

ಆ ಬುಧವಾರ ನಮ್ಮ ಚರ್ಚಿನ ಸಭೆಯವರ ಪ್ರಾರ್ಥನೆ ನಮ್ಮ ಮನೆಯಲ್ಲಿತ್ತು. ಈ ಮನೆಪ್ರಾರ್ಥನೆಯ ಗುಟ್ಟು ನಿಮಗೆ ಗೊತ್ತಿರಲಿಕ್ಕಿಲ್ಲ. ಮುಖ ನೋಡಿ ಹೇಳಲಾಗದ್ದನ್ನು ನಾವು ದೇವರ ಮೂಲಕ ಹೇಳುತ್ತೇವೆ. "ಸ್ವಾಮೀ, ಪಕ್ಕದ ಮನೆಯವರಿಗೆ ತಮ್ಮ ಗೇಟಿನ ಮುಂದೆಯೇ ಬೈಕ್ ನಿಲ್ಲಿಸುವ ಮನಸ್ಸು ಕೊಡು" ಎಂದು ಒಬ್ಬರು ಬೇಡಿದರೆ, ಪಕ್ಕದ ಮನೆಯವರೂ ಆಮೆನ್ ಎನ್ನಲೇಬೇಕು. ಪ್ರಾರ್ಥನೆಗೆ ಎದುರು ಮಾತಾಡುವವರುಂಟೇ?

ಪಾದ್ರಿ ಅಯ್ಯನವರು, "ಅಜ್ಜಿ, ಇವತ್ತು ನೀವು ಪ್ರಾರ್ಥನೆ ಮಾಡಿ" ಎಂದರು. ಕಣ್ಣು ಮುಚ್ಚಿದೆ.

"ಸ್ವಾಮೀ, ನಿನ್ನ ಸೇವೆ ಕಲಿಯಲು ಹೊರಟ ಗ್ರೇಸಿಗೆ ದಾರಿ ಮಾಡಿಕೊಟ್ಟ ಅವಳ ಅಪ್ಪನಿಗಾಗಿ ಸ್ತೋತ್ರ. ಸೋಮವಾರ ಅಡ್ಮಿಷನ್ ಮಾಡಿಸಲು ಅವನಿಗೆ ರಜೆ ಸಿಗಲಿ."

ಇಡೀ ಹಾಲ್ ಆಮೆನ್ ಎಂದಿತು. ಅಯ್ಯನವರು ಮಗನ ಕೈ ಕುಲುಕಿದರು.

ಎಲ್ಲರೂ ಹೋದ ಮೇಲೆ ಅವನು, "ಅಮ್ಮಾ, ನಾನ್ ಯಾವಾಗ ದಾರಿ ಮಾಡ್ಕೊಟ್ಟೆ?" ಎಂದ. ನಾನು ಕಾಫಿ ಲೋಟ ತೊಳೆಯಲು ಹೋದೆ. (ಸೋಮವಾರ ರಜೆ ಸಿಕ್ಕಿತು.)

ಮೊನ್ನೆ ಗ್ರೇಸಿ ಕ್ಲಾಸಿನಿಂದ ಗಂಭೀರ ಮುಖ ಮಾಡಿಕೊಂಡು ಬಂದಳು.

"ಅಜ್ಜಿ, ಎದುರು ಮಾತಾಡೋಕಾಗದವ್ರ ಮೇಲೆ ಪ್ರಾರ್ಥನೆ ಮಾಡಿ ಒತ್ತಡ ಹಾಕೋದು ತಪ್ಪಂತೆ. ಇವತ್ತು ಅದೇ ಡಿಸ್ಕಷನ್. ನಿಮ್ಮ ಉದಾಹರಣೆ ಕೊಟ್ಟೆ."

"ಹೆಸರು ಹೇಳಿದ್ಯಾ?"

"ಇಲ್ಲ. ಒಬ್ಬರು ಸಂಕೋಚದ ಅಜ್ಜಿ ಅಂದೆ. ಎಲ್ರೂ ನಕ್ಕರು."

ಅಷ್ಟರಲ್ಲಿ ಒಳಗಿನಿಂದ ಮಗ ಫೋನಿನಲ್ಲಿ ಮಾತಾಡುವುದು ಕೇಳಿಸಿತು. ಸರ್ಜಾಪುರದ ಯಾರೋ ಒಬ್ಬ ಹುಡುಗನ ಕಡೆಯವರು ಈ ಬುಧವಾರ ಪ್ರಾರ್ಥನೆಗೆ ಬರುತ್ತಾರಂತೆ. ಗ್ರೇಸಿಯ ಮದುವೆ ವಿಷಯವನ್ನು ಇವನೇ ದೇವರ ಮುಂದೆ ಇಡುತ್ತಾನಂತೆ.

ಗ್ರೇಸಿ ಸರಕ್ಕನೆ ನನ್ನ ಪಕ್ಕ ಬಂದು ಕೂತಳು. "ಅಜ್ಜಿ, ಅಪ್ಪನಿಗಿಂತ ಮುಂಚೆ ನೀವೇ ಪ್ರಾರ್ಥನೆ ಮಾಡ್ಬಿಡಿ."

ನೀವೇ ಹೇಳಿ, ಇಂಥ ಹೊತ್ತಿನಲ್ಲಿ ಪ್ರಾರ್ಥಿಸದೆ ಸುಮ್ಮನಿರುವುದು ಯಾವ ನೀತಿ?